ಯು. ಎಸ್. ಬಿ. ದ್ವಾರವೂ ಅನ್ವಯ-ವ್ಯತಿರೇಕವೂ

ಒಂದು ವಸ್ತುವು ಕೆಲಸ ನಿಲ್ಲಿಸಿದೊಡನೆ ಅದು ಕೆಟ್ಟುಹೋಯಿತೆಂದು ತೀರ್ಮಾನಿಸುವುದು ಲೋಕದ ಸ್ವಭಾವವಾಗಿದೆ. ಕಾರ್ಯವು ಕಾಣದೆಂಬ ಮಾತ್ರಕ್ಕೆ ಅದರ ಕಾರಣ ಇಂಥದೇ ಎಂದು ನಿಶ್ಚಯಿಸಲಾಗದು. ಇದನ್ನು ಅರಿತೇ ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ಎರಡು ಒರೆಗಲ್ಲುಗಳನ್ನಿಟ್ಟರು. ಒಂದು ಇದ್ದರೆ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದಿದ್ದರೆ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಹೊಗೆಯನ್ನೂ ಬೆಂಕಿಯನ್ನೂ ಮುಂದಿಟ್ಟುಕೊಂಡು ಪಾಠಶಾಲೆಗಳಲ್ಲಿ ಕಲಿಸುತ್ತ ಬಂದಿರುವ ಈ ಪಾಠವು, ಇಂದು ಮನೆಯ ಲ್ಯಾಪ್‌ಟಾಪಿನ ಯು. ಎಸ್. ಬಿ. ಪೋರ್ಟು ನಿಂತುಹೋದಾಗಲೂ ಉಪಯೋಗಕ್ಕೆ ಬರುವುದುಂಟು.

ಈ ಪೋರ್ಟಿನ ಪೂರ್ವವೃತ್ತಾಂತವು ದೀರ್ಘವಾದುದಲ್ಲ. ಹಿಂದೆ ಗಣಕಯಂತ್ರದ ಬೆನ್ನಿನಲ್ಲಿ ಕೀಲಿಮಣೆಗೆ ಒಂದು ಬಾಯಿ, ಪ್ರಿಂಟರಿಗೆ ಮತ್ತೊಂದು ಬಾಯಿ. ಒಂದರ ತಂತಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಈ ತೊಡಕನ್ನು ಕಳೆಯಲು ಇಂಟೆಲ್ ಮೊದಲಾದ ಏಳು ಕಂಪೆನಿಗಳು ಕೂಡಿ, ಎಲ್ಲಕ್ಕೂ ಸಲ್ಲುವ ಒಂದೇ ದ್ವಾರದ ಮೊದಲ ನಿಯಮಾವಳಿಯನ್ನು 1996ರ ಜನವರಿಯಲ್ಲಿ ಹೊರಡಿಸಿದುವು. ಆ ಕಾರ್ಯದಲ್ಲಿ ಮುಂದಾಳಾಗಿದ್ದ ಅಜಯ್ ಭಟ್ಟರು ಬರೋಡೆಯ ವಿಶ್ವವಿದ್ಯಾಲಯದಲ್ಲಿ ಓದಿದವರು. 2000ದಲ್ಲಿ ಬಂದ ಎರಡನೆಯ ಆವೃತ್ತಿಯ ತಂತಿಯಲ್ಲಿಯೂ ನಾಲ್ಕು ಎಳೆಗಳುಂಟು. ಎರಡು 5 ವೋಲ್ಟಿನ ವಿದ್ಯುತ್ತಿಗೆ, ಇನ್ನೆರಡು ಸಂದೇಶಕ್ಕೆ. ಅನ್ನಕ್ಕೊಂದು ದಾರಿ, ಮಾತಿಗೊಂದು ದಾರಿ ಎನ್ನಬಹುದು. ಅನ್ನ ಬಂದರೂ ಮಾತು ಹೊರಡದಿರುವುದುಂಟು. ಫೋನಿಗೆ ವಿದ್ಯುತ್ತು ತುಂಬಲೆಂದೇ ಮಾಡಿದ ಅಗ್ಗದ ತಂತಿಗಳಲ್ಲಿ ಕೆಲವಕ್ಕೆ ಮಾತಿನ ಎಳೆಗಳೇ ಇರುವುದಿಲ್ಲ; ಅಂಥ ತಂತಿಯನ್ನು ಸಿಕ್ಕಿಸಿ ಪೋರ್ಟನ್ನು ಹಳಿಯುವುದು ಅನ್ಯಾಯವಷ್ಟೆ.

2019ರ ನವೆಂಬರಿನ ಕೊನೆಯ ವಾರದಲ್ಲಿ ಮೈಸೂರು ಸೀಮೆಯ ಒಂದು ಮನೆಯಲ್ಲಿ ಈ ವಿಚಾರವು ವಿನೋದದ ಮಾತಾಗಿ ಉಳಿಯಲಿಲ್ಲ. ಎಪ್ಪತ್ತು ದಾಟಿದ ಮನೆಯ ಹಿರಿಯಾಕೆಗೆ ಗತಿಸಿದ ಪತಿಯ ನೌಕರಿಯ ಲೆಕ್ಕದಲ್ಲಿ ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಬರುತ್ತಲಿತ್ತು. ಇಂಥವರು ವರ್ಷಕ್ಕೊಮ್ಮೆ, ನವೆಂಬರು ಮುಗಿಯುವುದರೊಳಗೆ, ತಾವು ಬದುಕಿರುವುದಕ್ಕೆ ಪ್ರಮಾಣವನ್ನು ಸಲ್ಲಿಸತಕ್ಕುದು. ಸಲ್ಲದಿದ್ದರೆ ಪಿಂಚಣಿ ತಡೆಯಲ್ಪಡುವುದು. 2014ರಲ್ಲಿ ಆರಂಭವಾದ 'ಜೀವನ ಪ್ರಮಾಣ' ಎಂಬ ವ್ಯವಸ್ಥೆಯಿಂದ ಬೆರಳಚ್ಚನ್ನು ಕೊಟ್ಟು ಮನೆಯಲ್ಲಿಯೇ ಈ ಕೆಲಸವನ್ನು ತೀರಿಸಿಕೊಳ್ಳಬಹುದಾಗಿತ್ತು. ಮುಖವನ್ನು ನೋಡಿ ಗುರುತಿಸುವ ಕ್ರಮವು ಬಂದದ್ದು 2021ರಲ್ಲಿ. ಮೊಣಕಾಲಿನ ನೋವಿನಿಂದ ಬ್ಯಾಂಕಿನ ಮೆಟ್ಟಿಲು ಹತ್ತಲಾರದ ಆಕೆಗಾಗಿ ಮೊಮ್ಮಗನು ಬೆರಳಚ್ಚಿನ ಉಪಕರಣವೊಂದನ್ನು ಕೊಂಡು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದನು. ದೀಪವೇ ಹೊತ್ತಲಿಲ್ಲ. ಯಂತ್ರದ ಎರಡು ಪೋರ್ಟುಗಳೂ ಮೂಕವಾಗಿದ್ದುವು.

"ಅಜ್ಜಿ, ಇದು ಸತ್ತುಹೋಗಿದೆ. ಹೊಸದೇ ಆಗಬೇಕು" ಎಂದನು ಹುಡುಗ. ಹೊಸದರ ಬೆಲೆಯೋ ಆಕೆಯ ಮೂರು ತಿಂಗಳ ಪಿಂಚಣಿಗಿಂತ ಹೆಚ್ಚು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೀಪ ಉರಿಯದಿದ್ದರೆ ಎಣ್ಣೆ ಇದೆಯೇ, ಬತ್ತಿ ಸರಿಯಿದೆಯೇ, ಗಾಳಿ ಎಲ್ಲಿಂದ ಬಂತು ಎಂದು ನೋಡುತ್ತೇವಪ್ಪ. ಯಾರಾದರೂ ದೀಪದ ಕಂಬವನ್ನೇ ಬಿಸಾಡುತ್ತಾರೆಯೇ? ನೀನು ಇದರಲ್ಲಿ ಏನೇನು ನೋಡಿದೆ?" ಎಂದು ಕೇಳಿದರು. ಅವನು ಏನನ್ನೂ ನೋಡಿರಲಿಲ್ಲ.

ಪರೀಕ್ಷೆಯು ಆ ಪ್ರಶ್ನೆಯಿಂದ ಮೊದಲಾಯಿತು. ಉಪಕರಣವನ್ನು ಪಕ್ಕದ ಮನೆಯ ಯಂತ್ರಕ್ಕೆ ಸಿಕ್ಕಿಸಿದಾಗ ದೀಪ ಹೊತ್ತಿತು. ಆದುದರಿಂದ ಉಪಕರಣವೂ ಅದರ ತಂತಿಯೂ ನಿರ್ದೋಷಿಗಳು. ಈ ಯಂತ್ರಕ್ಕೆ ಬೇರೊಂದು ಮೌಸನ್ನು ಸಿಕ್ಕಿಸಿದರೆ ಅದೂ ಅಲುಗಲಿಲ್ಲ. ಆದುದರಿಂದ ದೋಷವು ಲ್ಯಾಪ್‌ಟಾಪಿನದೇ. ಯಂತ್ರವನ್ನು ಆರಿಸಿ, ಪೋರ್ಟಿನೊಳಗೆ ಬೆಳಕು ಹಾಯಿಸಿ, ಒಳಗಿನ ನಾಲಗೆ ಮುರಿದಿಲ್ಲವೆಂದು ಕಂಡುಕೊಂಡು, ಒಣ ಕುಂಚದಿಂದ ಧೂಳನ್ನು ತೆಗೆದುದಾಯಿತು. ಇಲ್ಲಿ ಸೂಜಿಯನ್ನಾಗಲಿ ಪಿನ್ನನ್ನಾಗಲಿ ತೂರಿಸಬಾರದು. ಎರಡು ಲೋಹಗಳು ಒಂದನ್ನೊಂದು ಮುಟ್ಟಿದರೆ ಇಲ್ಲದ ರೋಗವು ಬಂದು ಸೇರುವುದು. ಅಷ್ಟಾದರೂ ಗುಣ ಕಾಣಲಿಲ್ಲ.

ಬಳಿಕ ನಡೆದುದೇ ನಿರ್ಣಾಯಕವಾದ ಪರೀಕ್ಷೆ. ವಿಂಡೋಸ್ ಏಳುವುದಕ್ಕೆ ಮೊದಲೇ ತೆರೆಯಬಹುದಾದ ಬಯೋಸ್ ಎಂಬ ಮೂಲವ್ಯವಸ್ಥೆಯ ಪರದೆಯೊಂದುಂಟು. ಹುಡುಗನು ಅದನ್ನು ತೆರೆದು, ಯು. ಎಸ್. ಬಿ. ಕೀಲಿಮಣೆಯೊಂದನ್ನು ಅದೇ ಪೋರ್ಟಿಗೆ ಸಿಕ್ಕಿಸಿ ಒತ್ತಿದನು. ಪರದೆಯ ಗುರುತು ಮೇಲಕ್ಕೂ ಕೆಳಕ್ಕೂ ಚಲಿಸಿತು. ವಿಂಡೋಸ್ ಎದ್ದ ಮೇಲೆ ಅದೇ ಕೀಲಿಮಣೆ ಮೂಕವಾಯಿತು. ವಿಂಡೋಸ್ ಇದ್ದಾಗ ದೋಷವುಂಟು, ಅದು ಇಲ್ಲದಾಗ ದೋಷವಿಲ್ಲ. ಅನ್ವಯವೂ ವ್ಯತಿರೇಕವೂ ಕೂಡಿಬಂದುವು. ಪೋರ್ಟು ಸತ್ತಿರಲಿಲ್ಲ, ಅದನ್ನು ಮಾತನಾಡಿಸುವವನು ಎಚ್ಚರ ತಪ್ಪಿದ್ದನು.

ನಿದಾನವು ತಿಳಿದ ಮೇಲೆ ಚಿಕಿತ್ಸೆ ಕಷ್ಟವಲ್ಲ. ಮೊದಲು 'ರೀಸ್ಟಾರ್ಟ್' ಮಾಡತಕ್ಕುದು. 2012ರಲ್ಲಿ ಬಂದ ಎಂಟನೆಯ ವಿಂಡೋಸಿನಿಂದ ಈಚೆಗೆ, 'ಶಟ್ ಡೌನ್' ಮಾಡಿದಾಗ ವ್ಯವಸ್ಥೆಯ ಒಂದು ಭಾಗವು ಇದ್ದ ಸ್ಥಿತಿಯಲ್ಲಿಯೇ ಡಿಸ್ಕಿನಲ್ಲಿ ಉಳಿದು ಮರಳುವುದುಂಟು. ಅದರೊಡನೆ ಹಳೆಯ ದೋಷವೂ ಮರಳಬಹುದು. 'ರೀಸ್ಟಾರ್ಟ್' ಆದಾಗ ಎಲ್ಲವೂ ಹೊಸದಾಗಿ ಏಳುವುದು. ಇಲ್ಲಿ ಅಷ್ಟು ಸಾಲದಾಯಿತು. ಆಗ 'ಡಿವೈಸ್ ಮ್ಯಾನೇಜರ್' ತೆರೆದು, 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಎಂಬ ಶೀರ್ಷಿಕೆಯ ಕೆಳಗಿನ 'ಹೋಸ್ಟ್ ಕಂಟ್ರೋಲರ್' ಎಂಬುದನ್ನು 'ಅನ್‌ಇನ್‌ಸ್ಟಾಲ್' ಮಾಡಿ, ಮತ್ತೆ 'ರೀಸ್ಟಾರ್ಟ್' ಮಾಡಿದರು. ವಿಂಡೋಸು ತಾನಾಗಿಯೇ ಅದನ್ನು ಗುರುತಿಸಿ ಪುನಃ ಸ್ಥಾಪಿಸಿಕೊಂಡಿತು. ಉಪಕರಣದ ದೀಪ ಹೊತ್ತಿತು. ದುಡಿದು ಸವೆದ ಬೆರಳಿನ ಗುರುತು ಮೂರನೆಯ ಸಲಕ್ಕೆ ಹತ್ತಿ, ಆಕೆ ಜೀವಂತರೆಂದು ಸರ್ಕಾರಕ್ಕೆ ತಿಳಿದಂತಾಯಿತು.

ವಿದ್ಯುತ್ತನ್ನು ಉಳಿಸಲು ವಿಂಡೋಸು ಕೆಲಸವಿಲ್ಲದ ಪೋರ್ಟನ್ನು ಮಲಗಿಸುವುದುಂಟು. ಮಲಗಿದುದು ಒಮ್ಮೊಮ್ಮೆ ಏಳುವುದಿಲ್ಲ. ಅದೇ ಶೀರ್ಷಿಕೆಯ ಕೆಳಗೆ 'ರೂಟ್ ಹಬ್' ಎಂಬುದರ 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿರುವ ಅನುಮತಿಯ ಗುರುತನ್ನು ತೆಗೆದರೆ ಈ ಉಪದ್ರವವು ತಪ್ಪುವುದು. ಇನ್ನೊಂದು ಬಗೆಯೂ ಉಂಟು. ಎರಡನೆಯ ಆವೃತ್ತಿಯ ಪೋರ್ಟು ಸಾಮಾನ್ಯವಾಗಿ 500 ಮಿಲಿ ಆಂಪಿಯರಿನಷ್ಟು, ಮೂರನೆಯದು 900ರಷ್ಟು ವಿದ್ಯುತ್ತನ್ನು ಕೊಡತಕ್ಕುದು. ಅದಕ್ಕಿಂತ ಹೆಚ್ಚು ಎಳೆದರೆ ಪೋರ್ಟು ಆತ್ಮರಕ್ಷಣೆಗಾಗಿ ಬಾಗಿಲು ಮುಚ್ಚಿಕೊಳ್ಳುವುದು. ಆಗ ಅತಿಯಾಗಿ ಎಳೆದ ಉಪಕರಣವನ್ನು ತೆಗೆದು, ಯಂತ್ರವನ್ನು ಆರಿಸಿ, ಚಾರ್ಜರಿನ ತಂತಿಯನ್ನೂ ಬಿಡಿಸಿ, ಕೆಲವು ನಿಮಿಷ ತಡೆದು ಏಳಿಸತಕ್ಕುದು. ಕಛೇರಿಯ ಲ್ಯಾಪ್‌ಟಾಪಾದರೆ ಮೇಲಿನವರೇ ಪೆನ್‌ಡ್ರೈವನ್ನು ನಿಷೇಧಿಸಿರಬಹುದು. ಅದು ರೋಗವಲ್ಲ, ಆಜ್ಞೆ.

ನಿಜವಾದ ಮರಣವೂ ಇಲ್ಲದಿಲ್ಲ. ಬಯೋಸಿನಲ್ಲಿಯೂ ಮೂಕವಾಗಿ, ಸಿಕ್ಕಿಸಿದ ತಂತಿ ಸಡಿಲವಾಗಿ ತೂಗಾಡುತ್ತಿದ್ದರೆ ಒಳಗಿನ ಬೆಸುಗೆ ಬಿಟ್ಟಿರಬಹುದು. ಆಗ ಇನ್ನೊಂದು ಪೋರ್ಟನ್ನು ಬಳಸುವುದು, ಇಲ್ಲವೆ ಬಲ್ಲವರ ಕೈಗೆ ಕೊಡುವುದೇ ಮಾರ್ಗ. ಕೊಡುವಾಗಲೂ ಬರಿಯ 'ಕೆಟ್ಟಿದೆ' ಎನ್ನದೆ, ಯಾವ ಉಪಕರಣ ಎಲ್ಲಿ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ರಿಪೇರಿಯವನ ಶ್ರಮವು ಅರ್ಧವಾಗುವುದು. ಮನೆಯವರ ಹಣವೂ ಉಳಿಯುವುದು.