ಹೆಸರು ಕೂಗ್ರಿ

ಮೈಕಿನಲ್ಲಿ ಹೆಸರು ಕೂಗಿಸಿಕೊಳ್ಳುವ ಆಸೆ ನಮ್ಮ ಕಡೆಯವರಿಗೆ ತುಸು ಹೆಚ್ಚೇ. ಮದುವೆಯಲ್ಲಿ ಆಯೇರಿ ಮಾಡಿದರೆ ಇಂಥ ಊರಿನ ಇಂಥವರಿಂದ ನೂರಾ ಒಂದು ರೂಪಾಯಿ ಎಂದು ಕೂಗಲೇಬೇಕು. ಕೂಗುವವನು ಅಡ್ಡಹೆಸರು ತಪ್ಪಿದನೋ, ಊಟದ ಪಂಕ್ತಿಯಿಂದ ಎದ್ದುಬಂದು ತಿದ್ದಿಸುವವರಿದ್ದಾರೆ. ಗೇಲಿ ಮಾಡುತ್ತಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದಾಗ ಕೈಹಿಡಿಯುವುದೂ ಇದೇ ಆಸೆ. ಗೆಳೆಯರು ಡಬ್ಬಿ ಹಿಡಿದು ಬಜಾರಿಗಿಳಿಯುತ್ತಾರೆ, ವಾಟ್ಸಾಪಿನಲ್ಲಿ ಫೋನ್‌ಪೇ ನಂಬರು ಓಡಾಡುತ್ತದೆ, ಕೊಟ್ಟವರ ಪಟ್ಟಿ ಸಂಜೆಯೊಳಗೆ ಗ್ರೂಪಿಗೆ ಬೀಳುತ್ತದೆ. ನಾಟಕದ ಹುಚ್ಚಿನ ಹುಡುಗರಿದ್ದರೆ ‘ಸಹಾಯಾರ್ಥ’ ಒಂದು ಸಾಮಾಜಿಕ ನಾಟಕವೂ ಆಗುತ್ತದೆ. ನಾಯಕಿ ಪಾತ್ರದವರಿಗೆ, ಸೀನ್ಸಿನವರಿಗೆ, ಹಾರ್ಮೋನಿಯಂ ಮಾಸ್ತರಿಗೆ ಕೊಟ್ಟು ಉಳಿದದ್ದು ರೋಗಿಗೆ. ಉಳಿದರೆ.

‘ಕಾರ್ಡ್ ಐತಲ್ರೀ, ಮತ್ಯಾಕ ರೊಕ್ಕ?’ ಎನ್ನುವ ಬುದ್ಧಿವಂತ ಪ್ರತಿ ಅಂಗಡಿಯ ಕಟ್ಟೆಯ ಮೇಲೂ ಒಬ್ಬ ಇರುತ್ತಾನೆ. ಕಾರ್ಡ್ ಇದೆ, ನಿಜ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಕಾರ್ಡು ಊಟ ಹಾಕುವುದಿಲ್ಲ. ದೊಡ್ಡ ಚಿಕಿತ್ಸೆಗೆ ನಮ್ಮವರು ಹೊರಡುವುದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕಲಬುರಗಿಗೆ, ಇಲ್ಲವೇ ರಾತ್ರಿ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿಗೆ. 1973ರಲ್ಲಿ ಶುರುವಾಗಿ 1980ರಲ್ಲಿ ಸರ್ಕಾರದ ಕೈಗೆ ಬಂದ ಆ ಆಸ್ಪತ್ರೆಯ ಹೆಸರು ಕೇಳದ ಹಳ್ಳಿ ನಮ್ಮಲ್ಲಿಲ್ಲ. ಕರೆಂಟು ಕೊಡುವುದು (ರೇಡಿಯೇಷನ್ನಿಗೆ ನಮ್ಮ ಮಂದಿ ಅನ್ನುವುದು ಹಾಗೆ) ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಅದೂ ಐದಾರು ವಾರ. ಅಷ್ಟು ದಿನ ಜೊತೆಗಿದ್ದವನ ಕೂಲಿ ಹೋಯಿತು. ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಸರಿ, ಇಲ್ಲದಿದ್ದರೆ ಬಾಡಿಗೆ ಕೋಣೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ತಪ್ಪಿತು. ಕೀಮೋ ಹಾಕಿಸಿಕೊಂಡ ಮೈಯನ್ನು ಆ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂರಿಸಿಕೊಂಡು ಬರುವುದು ಬೇರೆ ಮಾತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಪೂರ್ತಿ ಉಚಿತ, ಜೊತೆಗಾರನಿಗೆ ಶೇ. 75 ರಿಯಾಯಿತಿ. ಇದು ಎಷ್ಟು ಮಂದಿಗೆ ಗೊತ್ತು? ಡಬ್ಬಿ ಹಿಡಿಯುವ ಹುಡುಗರು ಈ ಸುದ್ದಿಯನ್ನೂ ಹಂಚಿದರೆ ಡಬ್ಬಿ ಅರ್ಧ ತುಂಬಿದಂತೆಯೇ.

ಜಾಗೃತಿ ಜಾಥಾಗಳ ಮಾತೇ ಬೇರೆ. ಫೆಬ್ರುವರಿ 4, ವಿಶ್ವ ಕ್ಯಾನ್ಸರ್ ದಿನ, ಬಂತೆಂದರೆ ಶಾಲೆ ಮಕ್ಕಳು ಬಿಸಿಲಲ್ಲಿ ಫಲಕ ಹಿಡಿದು ಕೂಗುತ್ತಾ ಹೋಗುತ್ತಾರೆ. ಮುಂದೆ ನಡೆಯುವ ದೊಡ್ಡವರೊಬ್ಬರು ಘೋಷಣೆಗೆ ದನಿಗೂಡಿಸಲು ಬಾಯಿ ತೆರೆಯುವಂತಿಲ್ಲ, ಒಳಗೆ ಗುಟ್ಕಾ. ಎರಡು ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ತೆರೆಯದ ಬಾಯಿ ಕಂಡರೆ ಡಾಕ್ಟರಿಗೆ ತೋರಿಸಿರಿ ಎಂಬ ಒಂದು ಮಾತು ಭಾಷಣದಲ್ಲಿ ಬರುವಷ್ಟರಲ್ಲಿ ಮಂದಿ ಉಪ್ಪಿಟ್ಟಿನ ಕಡೆ ಸರಿದಿರುತ್ತಾರೆ.

ಜಾಗೃತಿಯನ್ನು ಬಲ್ಲವರೊಬ್ಬರು ನಮ್ಮ ಪಕ್ಕದಲ್ಲೇ ಇದ್ದರು, ಇಳಕಲ್ಲಿನ ಮಹಾಂತ ಸ್ವಾಮಿಗಳು. 1975ರಲ್ಲಿ ಜೋಳಿಗೆ ಹಿಡಿದು ಊರೂರು ಹೊರಟರು. ರೊಕ್ಕ ಬೇಡಲಿಲ್ಲ, ಕಾಳು ಬೇಡಲಿಲ್ಲ. ‘ನಿಮ್ಮ ಚಟ ಹಾಕ್ರಿ’ ಎಂಬುದೇ ಬೇಡಿಕೆ. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನನಗೆ ಆ ಜೋಳಿಗೆಯ ಜಾಣತನ ಇಷ್ಟ. ಉಪದೇಶವಾದರೆ ಕೇಳಿ ಮನೆಗೆ ಹೋಗಬಹುದು. ಜೋಳಿಗೆ ಎದುರಿಗೆ ಬಂದು ನಿಂತಾಗ, ಅದೂ ನಾಲ್ಕು ಮಂದಿಯ ಮುಂದೆ, ಏನಾದರೂ ಹಾಕಲೇಬೇಕು.

ಮಂದಿಗೆ ಸಾರಿ ಹೇಳುವುದು ಮಸ್ಕಿಗೆ ಹೊಸದೇನಲ್ಲ ಬಿಡಿ. ಸಣ್ಣವರೂ ದೊಡ್ಡವರೂ ಮನಸ್ಸು ಮಾಡಿದರೆ ಧರ್ಮದ ಗುರಿ ಮುಟ್ಟುವುದು ಸಾಧ್ಯ ಎಂದು ಅಶೋಕ ಅಲ್ಲಿ ಬಂಡೆಯ ಮೇಲೆ ಕೊರೆಸಿದ್ದಾನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಸಿಕ್ಕ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಚಕ್ರವರ್ತಿಗೇ ಹೆಸರು ಹಾಕಿಸಿಕೊಳ್ಳುವ ಆಸೆ ಇದ್ದಮೇಲೆ ನಮ್ಮದೇನು ತಪ್ಪು?

ಆದ್ದರಿಂದ ಜಾತ್ರೆಯ ಮೈಕಿನಲ್ಲಿ ದೇಣಿಗೆ ಕೊಟ್ಟವರ ಜೊತೆ ತಂಬಾಕು ಬಿಟ್ಟವರ ಹೆಸರನ್ನೂ ಕೂಗಿಸೋಣ ಎಂದು ಕಟ್ಟೆಯ ಮೇಲೆ ಹೇಳಿ ನೋಡಿದೆ. ಎಲ್ಲರೂ ಹೌದೆಂದರು. ಹಿರಿಯರೊಬ್ಬರು ಮಾತ್ರ ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕುತ್ತಾ, ‘ನನ್ನ ಹೆಸರು ಬರಕೋ ತಮ್ಮಾ. ಆದರ ಈ ವರ್ಷ ಕೂಗಬ್ಯಾಡ, ಮನ್ಯಾಗ ಇನ್ನೂ ಎರಡು ಚೀಟು ಅದಾವ’ ಎಂದರು.