ಇಲ್ಲದ ಕೇಕೆ

ಗಿಟಾರಿನ ತಂತಿಗಳ ನಡುವೆ ತೂರಿಸಲು ಕಡೆಗೂ ಒಂದು ಒಳ್ಳೆಯ ಕಾಗದ ಸಿಕ್ಕಿತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಿಂದ ಹರಿದ ಶನಿವಾರದ ಹಾಳೆ. ಇದುವರೆಗೆ ನಾನು ಏನೆಲ್ಲ ತೂರಿಸಿ ನೋಡಿಲ್ಲ! ಹತ್ತು ರೂಪಾಯಿ ನೋಟು ನಮ್ಮ ಕೈಗೆ ಬರುವಷ್ಟರಲ್ಲಿ ಹಳೇ ಪಂಚೆಯಷ್ಟು ಮೆತ್ತಗಾಗಿರುತ್ತದೆ. ಮೆಷೀನಿನಿಂದ ಹರಿದುಕೊಡುವ ಬಸ್ ಟಿಕೆಟ್ಟಿಗೆ ಸದ್ದೇ ಇಲ್ಲ. ಮದುವೆಯ ಕರೆಯೋಲೆ ತಂತಿಯ ಕತ್ತನ್ನೇ ಹಿಸುಕಿಬಿಡುತ್ತದೆ. ಕ್ಯಾಲೆಂಡರ್ ಹಾಳೆ ಮಾತ್ರ ಹಪ್ಪಳದ ಹಾಗೆ ಗರಿಗರಿ. ಉದ್ದಕ್ಕೆ ಮಡಿಸಿ, ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ, ಚಾಪೆ ಹೆಣೆದಂತೆ ತೂರಿಸಬೇಕು. ಬಿಗಿಯಾದರೆ ನಾದ ಸಾಯುತ್ತದೆ, ಸಡಿಲವಾದರೆ ಜೀರುಂಡೆ ಕೂಗುತ್ತದೆ. ಸರಿಯಾಗಿ ಕೂತಿತೋ, ಹೆಬ್ಬೆರಳು ದಪ್ಪ ತಂತಿಯನ್ನು ಮೀಟಿ ಉಳಿದವನ್ನು ಸವರಿದೊಡನೆ ಬೂಮ್ ಚಿಕ, ಬೂಮ್ ಚಿಕ ಎಂದು ರೈಲು ಹೊರಟೇಬಿಡುತ್ತದೆ. ಅಂದಿನ ರಾಹುಕಾಲ ಮೂರನೇ ತಂತಿಯ ಕೆಳಗೆ ಸಿಕ್ಕಿಬಿದ್ದು ಅದುರುತ್ತಿತ್ತು. ಒಂದು ಗಂಟೆ ಬಿಡದೆ ನುಡಿಸಿದೆ.

ಹಾಡು ಅಮೆರಿಕದ ಗಾಯಕ ಜಾನಿ ಕ್ಯಾಶ್‌ನ 'ಫೋಲ್ಸಮ್ ಪ್ರಿಸನ್ ಬ್ಲೂಸ್'. 1955ರಲ್ಲಿ ಮೆಂಫಿಸಿನ ಸನ್ ಸ್ಟುಡಿಯೊದಲ್ಲಿ ಅದನ್ನು ಮೊದಲು ಮುದ್ರಿಸಿಕೊಂಡಾಗ ಅವನ ಬಳಿ ಡ್ರಮ್ ಬಾರಿಸುವವರಿರಲಿಲ್ಲ. ತಂತಿಗೆ ಕಾಗದ ಸಿಕ್ಕಿಸಿ ಆ ಕೊರತೆ ತುಂಬಿಕೊಂಡ. ಇಲ್ಲದ್ದನ್ನು ಹೀಗೆ ಚಿಲ್ಲರೆ ಉಪಾಯದಲ್ಲಿ ಹೊಂದಿಸಿಕೊಂಡವರ ಸಂಗೀತವೆಂದರೆ ನನಗೆ ಪ್ರಾಣ. ತಾರಸಿಯಲ್ಲಿ ಸೇರುವ ನಮ್ಮ ಗುಂಪಿನ ಗೆಳೆಯನೊಬ್ಬ ಮೊಬೈಲಿನಲ್ಲಿ ಡ್ರಮ್ ಆ್ಯಪ್ ಹಾಕಿಕೊಂಡು ಇದೇ ಹಾಡು ನುಡಿಸುತ್ತಾನೆ. ಅದನ್ನಾದರೂ ಕ್ಷಮಿಸಬಲ್ಲೆ.

ಕ್ಷಮಿಸಲಾಗದ್ದು ಅವನ ಕೇಕೆ. ಹಾಡಿನ ಕೈದಿ ರೀನೋ ಊರಿನಲ್ಲಿ ಒಬ್ಬನನ್ನು ಕೊಂದಿದ್ದಾನೆ. ಸಾಯುವುದನ್ನು ನೋಡಬೇಕೆನ್ನುವುದಷ್ಟೇ ಕಾರಣ. ಆ ಸಾಲು ಬಂದ ತಕ್ಷಣ ಗೆಳೆಯ ಗಿಟಾರನ್ನು ಮೇಲೆತ್ತಿ 'ಹೋ...' ಎಂದು ಅರಚುತ್ತಾನೆ. ತಾರಸಿಯಲ್ಲಿ ಕೂತ ಉಳಿದವರೂ ದನಿ ಸೇರಿಸುತ್ತಾರೆ. ಯಾಕಪ್ಪಾ ಎಂದರೆ, "ಮಾರಾಯಾ, ರೆಕಾರ್ಡಲ್ಲೇ ಇದೆಯಲ್ಲೋ! ಜೈಲಲ್ಲಿ ಕೈದಿಗಳೇ ಕೂಗಿದ್ದು!"

ಇದೆ, ನಿಜ. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನೊಳಗೇ ಕ್ಯಾಶ್ ಎರಡು ಕಛೇರಿ ಮಾಡಿದ. ಅದರ ಆಲ್ಬಮ್ಮಿನಲ್ಲಿ ಆ ಸಾಲಿನ ಬೆನ್ನಿಗೇ ಹುರುಪಿನ ಕೂಗೊಂದು ಕೇಳುತ್ತದೆ. ಆದರೆ ಆ ಕೂಗನ್ನು ಆಮೇಲೆ ಸ್ಟುಡಿಯೊದಲ್ಲಿ ಅಂಟಿಸಿದ್ದು. ಸುತ್ತ ಕಾವಲುಗಾರರು ನಿಂತಿರುವಾಗ ಕೊಲೆಯ ಸಾಲಿಗೆ ಕೇಕೆ ಹಾಕುವಷ್ಟು ದಡ್ಡರಾಗಿರಲಿಲ್ಲ ಕೈದಿಗಳು. ಅವರಲ್ಲಿ ಎಷ್ಟು ಜನಕ್ಕೆ ಆ ಸಾಲು ಬರೀ ಸಾಲಾಗಿತ್ತು? ಕೂಗುವ ಹಕ್ಕಿದ್ದವರು ಸುಮ್ಮನಿದ್ದರು. ತಾರಸಿಯಲ್ಲಿ ಚುರುಮುರಿ ಮೆಲ್ಲುವ ನಾವು ಅರಚುತ್ತಿದ್ದೇವೆ. ಇದನ್ನು ಬಿಡಿಸಿ ಹೇಳಿದರೆ ಗೆಳೆಯ, "ನೀನು ಹಾಡು ಕೇಳ್ತೀಯೋ, ಪಂಚನಾಮೆ ಮಾಡ್ತೀಯೋ?" ಎನ್ನುತ್ತಾನೆ.

ಪಂಚನಾಮೆ ಮಾಡುವವರು ಬೇರೆಯೇ ಇದ್ದಾರೆ. ರೀನೋ ಇರುವುದು ನೆವಾಡದಲ್ಲಿ. ಅಲ್ಲಿ ಕೊಂದವನು ಕ್ಯಾಲಿಫೋರ್ನಿಯಾದ ಜೈಲಿಗೆ ಹೇಗೆ ಬಂದ ಎಂದು ಅವರ ತಕರಾರು. ತಮಿಳುನಾಡಿನ ಹೊಸೂರಿನ ಕೊಲೆಗೆ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಕೂತ ಹಾಗೆ. ಸ್ವಾಮಿ, ಈ ಹಾಡು ಕಟ್ಟಲು ತೊಡಗಿದಾಗ ಕ್ಯಾಶ್ ಅಮೆರಿಕದ ವಾಯುಪಡೆಯ ಕೆಲಸದ ಮೇಲೆ ಜರ್ಮನಿಯ ಲಾಂಡ್ಸ್‌ಬರ್ಗಿನಲ್ಲಿದ್ದ. ಫೋಲ್ಸಮ್ ಜೈಲನ್ನು ಕಂಡಿದ್ದು ಒಂದು ಸಿನಿಮಾದಲ್ಲಿ. ಮುಂದೆಯೂ ಅವನು ಲಾಕಪ್ಪಿನಲ್ಲಿ ಬಿಡಿ ರಾತ್ರಿಗಳನ್ನು ಕಳೆದನೇ ಹೊರತು ಜೈಲುಶಿಕ್ಷೆ ಅನುಭವಿಸಿದವನಲ್ಲ. ಮಟ್ಟು ಕೂಡ ಗಾರ್ಡನ್ ಜೆಂಕಿನ್ಸ್‌ನ 'ಕ್ರೆಸೆಂಟ್ ಸಿಟಿ ಬ್ಲೂಸ್'ನಿಂದ ಎತ್ತಿದ್ದು, ಎಷ್ಟೋ ಸಾಲುಗಳ ಸಮೇತ. ಅದಕ್ಕಾಗಿ ಮುಂದೆ ಸುಮಾರು 75,000 ಡಾಲರ್ ತೆರಬೇಕಾಯಿತು. ಆದರೆ ಕೊಲೆಯ ಸಾಲು ಅವನ ಸ್ವಂತದ್ದು. ಕದ್ದ ಮನೆಗೆ ಅವನೇ ಇಟ್ಟ ಬಾಗಿಲು ಅದು, ಒಳಗೆ ಹೋಗುವುದೇ ಅಲ್ಲಿಂದ. ಅದರ ಹೊಸ್ತಿಲಲ್ಲಿ ನಿಂತು ಕೇಕೆ ಹಾಕುತ್ತಾರೆ ನಮ್ಮವರು!

ರೆಕಾರ್ಡ್ ಕಂಪನಿಯವರಾದರೂ ಕಡಿಮೆಯವರೇ? ಜೈಲಿನ ಕಛೇರಿ ನಡೆದ ವರ್ಷವೇ ಜೂನಿನಲ್ಲಿ ಅಮೆರಿಕದ ಸೆನೆಟರ್ ರಾಬರ್ಟ್ ಕೆನೆಡಿಯ ಹತ್ಯೆಯಾಯಿತು. ಗುಂಡು ಹಾರಿಸುವ ಹಾಡು ಬೇಡವೆಂದು ರೇಡಿಯೊ ಕೇಂದ್ರಗಳು ಹಿಂಜರಿದವು. ಕೊಲಂಬಿಯಾ ಕಂಪನಿ ಆ ಸಾಲನ್ನೇ ಕತ್ತರಿಸಿ ರೆಕಾರ್ಡನ್ನು ಮತ್ತೆ ಹೊರತಂದಿತು. ಮಾರಾಟಕ್ಕೆ ಬೇಕಾದಾಗ ಕೇಕೆ ಸೇರಿಸಿದರು, ಭಯವಾದಾಗ ಸಾಲು ಕಿತ್ತರು. ಕೈದಿಗಳ ಆ ಸುಮ್ಮನಿರುವಿಕೆಯನ್ನು ಇದ್ದ ಹಾಗೆ ಬಿಡಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬರೆಯುತ್ತ ಬರೆಯುತ್ತ ನನಗೆ ನಿಜಕ್ಕೂ ಸಿಟ್ಟೇ ಬರುತ್ತಿದೆ. ಕಾಫಿ ಆರಿಹೋಯಿತು.

ಈಚೆಗೆ ನನ್ನ ಮನಸ್ಸು ಹೆಚ್ಚಾಗಿ ಹೋಗುವುದು ಅದೇ ಆಲ್ಬಮ್ಮಿನ ಕಡೆಯ ಹಾಡಿಗೆ, 'ಗ್ರೇಸ್ಟೋನ್ ಚಾಪೆಲ್'. ಫೋಲ್ಸಮ್ಮಿನ ಒಳಗಿನ ಪ್ರಾರ್ಥನಾ ಮಂದಿರದ ಮೇಲೆ ಅಲ್ಲಿನ ಕೈದಿ ಗ್ಲೆನ್ ಶರ್ಲಿ ಕಟ್ಟಿದ್ದು. ಪಾದ್ರಿಯೊಬ್ಬರ ಕೈಯಿಂದ ಅದರ ಟೇಪು ಕಛೇರಿಯ ಹಿಂದಿನ ರಾತ್ರಿಯಷ್ಟೇ ಕ್ಯಾಶ್‌ಗೆ ತಲುಪಿತ್ತು. ರಾತ್ರೋರಾತ್ರಿ ಕಲಿತ. ಮುಂದಿನ ಸಾಲಿನಲ್ಲಿ ಕೂತಿದ್ದ ಶರ್ಲಿಗೆ ಯಾವ ಸುಳಿವೂ ಇಲ್ಲ. ಇದ್ದಕ್ಕಿದ್ದಂತೆ ವೇದಿಕೆಯಿಂದ ಅವನ ಹೆಸರು ಬಂತು. ಮೂರು ವರ್ಷದ ಬಳಿಕ ಶರ್ಲಿ ಬಿಡುಗಡೆಯಾದಾಗ ಕ್ಯಾಶ್ ಅವನನ್ನು ತನ್ನ ತಂಡಕ್ಕೇ ಸೇರಿಸಿಕೊಂಡ. ಹೊರಗಿನ ಬದುಕು ಶರ್ಲಿಗೆ ಒಗ್ಗಲಿಲ್ಲ. ತಂಡ ಬಿಡಬೇಕಾಯಿತು. 1978ರಲ್ಲಿ ತಾನೇ ಗುಂಡು ಹಾರಿಸಿಕೊಂಡು ಸತ್ತ.

ಅವನ ಹಾಡಿಗೆ ಚಿಕ್ ಚಿಕ್ ಸದ್ದು ಒಪ್ಪುವುದಿಲ್ಲ. ಹಾಳೆಯನ್ನು ಹುಷಾರಾಗಿ ಎಳೆದು ತೆಗೆದು ಗಿಟಾರ್ ಚೀಲದ ಜೇಬಿಗಿಟ್ಟೆ. ತಂತಿಗಳು ಬಿಡಿಸಿಕೊಂಡು ಉದ್ದಕ್ಕೆ ಮೊಳಗಿದವು. ಈ ಭಾನುವಾರ ತಾರಸಿಯಲ್ಲಿ ಮೊದಲು ಇದನ್ನೇ ನುಡಿಸುತ್ತೇನೆ. ಶುರು ಮಾಡುವ ಮುಂಚೆ ಶರ್ಲಿಯ ಹೆಸರು ಹೇಳುತ್ತೇನೆ. ಗೆಳೆಯನಿಗೆ ಕೂಗಲೇಬೇಕಿದ್ದರೆ ಆಗ ಕೂಗಲಿ.