ಹಳದಿ ದೀಪದ ಪುರಾಣ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಒಂದಲ್ಲ ಒಂದು ದಿನ 'ಚೆಕ್ ಇಂಜಿನ್' ಎಂಬ ಹಳದಿ ದೀಪದ ದರ್ಶನಭಾಗ್ಯ ಇದ್ದದ್ದೇ. ನನಗಾಗಿದ್ದು ಸ್ಮಾಗ್ ಟೆಸ್ಟಿಗೆ ಎರಡೇ ವಾರ ಇರುವಾಗ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ದೀಪ ಉರಿಯುತ್ತಿದ್ದರೆ ಟೆಸ್ಟ್ ಫೇಲು; ಟೆಸ್ಟ್ ಫೇಲಾದರೆ ರಿಜಿಸ್ಟ್ರೇಷನ್ ಇಲ್ಲ; ಕಾರಿಲ್ಲದಿದ್ದರೆ ನನಗೆ ಕೆಲಸವೂ ಇಲ್ಲ!

"ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಿಸಿ" ಅಂದ ಮೆಕ್ಯಾನಿಕ್. ಅವನು ಹೇಳಿದ ರೇಟು ಕಾರಿಗೆ ಕೊಟ್ಟ ದುಡ್ಡಿನ ಅರ್ಧ. ಒಂದು ಪುಟ್ಟ ಸ್ಕ್ಯಾನರ್ ತಂದು ನಾನೇ ನೋಡಿದೆ. ಪಿ0420, ಅಂದರೆ ಕನ್ವರ್ಟರಿನ ದಕ್ಷತೆ ಕಡಿಮೆಯಾಗಿದೆ ಅಂತ. ಅದರ ಮುಂದಿರುವ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಕುಣಿಯುತ್ತಿರಬೇಕು, ಹಿಂದಿನದು ತೆಪ್ಪಗಿರಬೇಕು. ನನ್ನದರಲ್ಲಿ ಎರಡೂ ಜೋಡಿಯಾಗಿ ಕುಣಿಯುತ್ತಿದ್ದವು! ಎಕ್ಸಾಸ್ಟ್ ಪೈಪಿನಲ್ಲಿ ಲೀಕೂ ಇರಲಿಲ್ಲ. ಮೆಕ್ಯಾನಿಕ್ ಹೇಳಿದ್ದು ನಿಜ.

ಆದರೆ ಪಕ್ಕದಲ್ಲೇ ಇನ್ನೊಂದು ಕೋಡ್ ಇತ್ತು: ಪಿ0302. ಎರಡನೇ ಸಿಲಿಂಡರ್ ಮಿಸ್‌ಫೈರ್. ಅಲ್ಲಿ ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಉರಿದು, ಒಳಗಿನ ಜೇನುಗೂಡಿನಂಥ ಪಿಂಗಾಣಿಯನ್ನೇ ಸುಡುತ್ತಿತ್ತು. ಹೊಸದು ಹಾಕಿದ್ದರೆ ಅದಕ್ಕೂ ಅದೇ ಗತಿ.

ಮೊದಲು ಇಗ್ನಿಷನ್ ಕಾಯಿಲ್ ಬದಲಾಯಿಸಿದೆ, ಆಮೇಲೆ ಕನ್ವರ್ಟರ್. ದುಡ್ಡಂತೂ ಹೋಯ್ತು, ಆದರೆ ಒಂದೇ ಸಲ ಹೋಯ್ತು. ಕನ್ವರ್ಟರ್ ತಾನಾಗಿ ಸಾಯೋದು ಕಮ್ಮಿ ಸ್ವಾಮೀ... ಕೊಂದವರು ಯಾರು ಅಂತ ಮೊದಲು ಕೇಳಿ.